ಪುಟ್ಟ ರೈಲಿನ ಬಿಡಿಭಾಗಗಳು: ಸೀಸದಿಂದ ರೆಸಿನ್‌ವರೆಗೆ

ಅಮೆರಿಕದ ಗೂಡ್ಸ್ ಬೋಗಿ ಹತ್ತಲು ಹಿಡಿಯುವ ಕಬ್ಬಿಣದ ಸರಳು ಕನಿಷ್ಠ 16 ಮಿ.ಮೀ. ದಪ್ಪ ಇರಬೇಕು ಅನ್ನುವುದು ಅಲ್ಲಿನ ನಿಯಮ. ಅದನ್ನೇ ಮಾದರಿ ರೈಲಿನ ಎಚ್‌ಒ ಅಳತೆಗೆ, ಅಂದರೆ 87 ಪಟ್ಟು ಚಿಕ್ಕದಾಗಿ ಮಾಡಿದರೆ ಉಳಿಯುವುದು 0.18 ಮಿ.ಮೀ. ಅಷ್ಟು ತೆಳುವಾದದ್ದು ಕೈ ತಾಗಿದರೂ ಮುರಿಯಬಾರದು. ಮಾದರಿ ರೈಲು ಮಾಡುವವರು ಒಂದು ವಸ್ತು ಬಿಟ್ಟು ಇನ್ನೊಂದನ್ನು ಹುಡುಕಿದ್ದೆಲ್ಲ ಬಹುಪಾಲು ಇದೇ ಕಾರಣಕ್ಕೆ.

ಮೊದಲಿನವರ ಕೈಗೆ ಸಿಕ್ಕಿದ್ದು ತವರ, ಸೀಸ, ಆಂಟಿಮನಿ ಬೆರೆಸಿದ ಬಿಳಿ ಲೋಹ. ಬೇಗ ಕರಗುತ್ತದೆ, ರಬ್ಬರ್ ಅಚ್ಚು ಸಾಕು, ಖರ್ಚು ಕಡಿಮೆ. ಭಾರ ಇರುವುದರಿಂದ ಎಂಜಿನ್ ಹಳಿಯನ್ನು ಚೆನ್ನಾಗಿ ಕಚ್ಚುತ್ತದೆ. ಆದರೆ ತೆಳು ಪೈಪ್ ಸುಮ್ನೆ ಬಾಗುತ್ತದೆ. ಉಜ್ಜಿದಾಗ ಏಳುವ ಸೀಸದ ಪುಡಿಯೂ ಒಳ್ಳೆಯದಲ್ಲ.

ದೊಡ್ಡ ಬದಲಾವಣೆ ತಂದದ್ದು ಮೇಣದ ಎರಕ. ಇದು ನಮಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮೂರ್ತಿ ಎರೆಯುವ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಮೇಣದ ರೂಪದ ಸುತ್ತ ಅಚ್ಚು ಕಟ್ಟಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಸುರಿಯುವುದು. 1907ರಲ್ಲಿ ಶಿಕಾಗೋದ ದಂತವೈದ್ಯ ವಿಲಿಯಂ ಟ್ಯಾಗಾರ್ಟ್ ಚಿನ್ನದ ಹಲ್ಲಿನ ತುಂಬಿಕೆಗೆ ಇದನ್ನೇ ಬಳಸಿದ. ಎರಡನೇ ಮಹಾಯುದ್ಧದಲ್ಲಿ ಟರ್ಬೈನ್ ಬ್ಲೇಡ್‌ಗಳಿಗಾಗಿ ಇದು ಕಾರ್ಖಾನೆ ಸೇರಿತು. ಯುದ್ಧದ ನಂತರ ಕ್ಯಾಲಿಫೋರ್ನಿಯಾದ ಕೆಮ್‌ಟ್ರಾನ್ ಕಂಪನಿ ಇದೇ ದಾರಿಯಲ್ಲಿ ಮಾದರಿ ಎಂಜಿನ್‌ಗೆ ಬೇಕಾದ ಹಿತ್ತಾಳೆಯ ಗಂಟೆ, ದೀಪ, ಪಂಪ್‌ಗಳನ್ನು ಎರೆದು ಮಾರಿತು. ಬೋಲ್ಟಿನ ತಲೆಯೂ ಸ್ಪಷ್ಟ ಕಾಣುವಷ್ಟು ಸೂಕ್ಷ್ಮ ಕೆಲಸ. ಬೆಸುಗೆಯೂ ಹಾಕಬಹುದು. ಗಂಟೆ, ಪಂಪ್‌ಗಳಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬೆಲೆ ಮಾತ್ರ ಜಾಸ್ತಿ.

ಆ ಬೆಲೆಯನ್ನು ಇಳಿಸಿದ್ದು ಪ್ಲಾಸ್ಟಿಕ್. ಉಕ್ಕಿನ ಅಚ್ಚಿಗೆ ಸ್ಟೈರೀನ್ ಒತ್ತಿ ತುಂಬಿದರೆ ಕ್ಷಣಗಳಲ್ಲಿ ತುಂಡು ಸಿದ್ಧ. ಆದರೆ ಅಚ್ಚೇ ದುಬಾರಿ, ಸಾವಿರಗಟ್ಟಲೆ ಮಾರಾಟವಾಗದೆ ಅದರ ಹಣ ವಾಪಸ್ ಬರುವುದಿಲ್ಲ. ತೆಳು ಸರಳು ಮುರಿಯುವ ಕಾಟವೂ ತಪ್ಪಲಿಲ್ಲ. ಡ್ಯೂಪಾಂಟ್ ಕಂಪನಿ ರೂಪಿಸಿದ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಬಾಗುತ್ತದೆ, ಮುರಿಯುವುದಿಲ್ಲ. ಆದರೆ ಅದಕ್ಕೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು! ಹಾಗಾಗಿ ಹಿಡಿಕೆ ಸರಳಿಗೆ ಫಾಸ್ಫರ್ ಬ್ರಾಂಜ್ (ಒಂದು ಬಗೆಯ ಕಂಚು) ತಂತಿ ಬಾಗಿಸುವುದೇ ವಾಸಿ. ಅಳತೆಗಿಂತ ಸ್ವಲ್ಪ ದಪ್ಪವಾದರೂ ಬಾಳುತ್ತದೆ.

ಚಪ್ಪಟೆ ಜಾಲರಿ, ನಡೆಹಲಗೆಗಳಿಗೆ ಆಸಿಡ್‌ನಲ್ಲಿ ಕೊರೆದ ಹಿತ್ತಾಳೆ ತಗಡು ಬಂತು. ಸರ್ಕ್ಯೂಟ್ ಬೋರ್ಡ್ ಮಾಡುವ ವಿದ್ಯೆಯೇ ಇದು. ಕೆಲವೇ ತುಂಡು ಬೇಕಾದವರು ಸಿಲಿಕೋನ್ ಅಚ್ಚಿಗೆ ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್, ಸುರಿದರು. ಆ ಅಚ್ಚು ಕೆಲವು ಡಜನ್ ಎರಕಕ್ಕೆ ಸವೆಯುತ್ತದೆ.

ಅಮೆರಿಕದ ಎಂಜಿನಿಯರ್ ಚಕ್ ಹಲ್ 1986ರಲ್ಲಿ ಪೇಟೆಂಟ್ ಪಡೆದ ಸ್ಟೀರಿಯೋಲಿಥೋಗ್ರಫಿ ಎಂಬ 3ಡಿ ಮುದ್ರಣ ಈಗ ಮನೆಯ ಮೇಜಿಗೇ ಬಂದಿದೆ. ಬೆಳಕು ಬಿದ್ದಲ್ಲಿ ದ್ರವ ರೆಸಿನ್ ಗಟ್ಟಿಯಾಗುತ್ತಾ ಪದರದ ಮೇಲೆ ಪದರ ಬೆಳೆಯುತ್ತದೆ. ಅಚ್ಚೇ ಬೇಡ, ಒಂದೇ ಒಂದು ತುಂಡು ಬೇಕೆಂದರೂ ಸರಿ. ಇದು ನಿಜಕ್ಕೂ ದೊಡ್ಡ ಬಿಡುಗಡೆ. ಆದರೆ ಸಾಮಾನ್ಯ ರೆಸಿನ್ ಪೆಡಸು, ಬಿದ್ದರೆ ಚೂರು. ಅದಕ್ಕೇ ಕೆಲವರು ಆಭರಣ ಮಾಡುವವರ ಹಾಗೆ ಉರಿದು ಹೋಗುವ ರೆಸಿನ್‌ನಲ್ಲಿ ರೂಪ ಮುದ್ರಿಸುತ್ತಾರೆ, ಅದರ ಸುತ್ತ ಅಚ್ಚು ಕಟ್ಟಿ ಹಿತ್ತಾಳೆ ಎರೆಸುತ್ತಾರೆ.