ಓದುಗರ ಪ್ರಶ್ನೆ: ಯುದ್ಧ ಶುರುವಾದ ಮೇಲೆ ಊರು ಸೇನೆಯ ಕೈಗೆ ಹೋಗುತ್ತಿತ್ತಾ?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಕಸ, ನೀರು, ಕಂದಾಯ, ಶಾಲೆ ಇವನ್ನೆಲ್ಲ ಯಾರು ನೋಡಿಕೊಳ್ಳುತ್ತಿದ್ದರು? ಯುದ್ಧ ಬಂದ ಮೇಲೆ ಪುರಸಭೆ ಬಾಗಿಲು ಹಾಕಿ ಊರನ್ನು ಸೇನೆಗೆ ಒಪ್ಪಿಸುತ್ತಾರೆ ಅಲ್ವಾ?

ಉತ್ತರ: ಇಲ್ಲ. ಪುರಸಭೆಯೇ ನೋಡಿಕೊಳ್ಳುತ್ತಿತ್ತು. ಬಾಗಿಲು ಹಾಕುವುದಿರಲಿ, ರಾತ್ರಿ ಕೂಡ ತೆರೆದಿರುತ್ತಿತ್ತು.

ಆ ಯುದ್ಧದ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅದೂ ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಮೊದಲ ಅರ್ಧಕ್ಕೆ ಉತ್ತರ ಸುಲಭ. ಎರಡನೆಯ ಅರ್ಧ ಪ್ರಶ್ನೆಯೇ ಅಲ್ಲ, ಅದೊಂದು ನಂಬಿಕೆ. ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಹಾಗಾಗಿ ಈ ಸಲ ಅದನ್ನು ಪೂರ್ತಿ ಬಿಚ್ಚಿಡುತ್ತೇನೆ.

ಮೊದಲು ಕಾನೂನು ನೋಡೋಣ. ವಾಯುದಾಳಿ ಮುನ್ನೆಚ್ಚರಿಕೆ ಕಾಯ್ದೆ ಬಂದದ್ದು 1937ರಲ್ಲಿ, ಅಂದರೆ ಯುದ್ಧಕ್ಕೆ ಸುಮಾರು ಎರಡು ವರ್ಷ ಮೊದಲು. ಬಾಂಬ್ ಬಿದ್ದಾಗ ಜನರನ್ನು ಕಾಪಾಡುವ ಏರ್ಪಾಡನ್ನು ಆ ಕಾಯ್ದೆ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ದೊಡ್ಡ ನಗರಗಳು ಮತ್ತು ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಯೋಜನೆ ಮಾಡಬೇಕು, ಸಣ್ಣ ಊರುಗಳು ಕೌಂಟಿಯ ಯೋಜನೆಯ ಕೆಳಗೆ ಕೆಲಸ ಮಾಡಬೇಕು. ಖರ್ಚಿನ ಬಹುಪಾಲನ್ನು ಕೇಂದ್ರ ಸರ್ಕಾರ ಕೊಡುತ್ತಿತ್ತು, ಉಳಿದದ್ದು ಊರಿನ ಕಂದಾಯದಿಂದ. ಯುದ್ಧ ಬಂದರೆ ಊರಿನ ಜವಾಬ್ದಾರಿ ಯಾರದು ಅನ್ನೋದು ಹೀಗೆ ಮೊದಲೇ ಇತ್ಯರ್ಥ ಆಗಿತ್ತು, ಮತ್ತು ಅದು ಸೇನೆಯದಲ್ಲ ಅಂತಲೇ ಇತ್ಯರ್ಥ ಆಗಿತ್ತು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಬಿಕ್ಕಟ್ಟು ತಲೆದೋರಿ, ಜರ್ಮನಿ ಜೊತೆ ಯುದ್ಧ ಇನ್ನೇನು ಬಂತು ಅನ್ನಿಸಿದಾಗ ಸುಮಾರು 3.8 ಕೋಟಿ ಗ್ಯಾಸ್ ಮಾಸ್ಕ್ ಹಂಚಿದ್ದೂ ಈ ಸ್ಥಳೀಯ ಆಡಳಿತಗಳೇ.

ಸೇನಾ ಆಡಳಿತ, ಅಂದರೆ ಮಾರ್ಷಲ್ ಲಾ, ಇಡೀ ಯುದ್ಧದಲ್ಲಿ ಬ್ರಿಟನ್ನಿನಲ್ಲಿ ಘೋಷಣೆ ಆಗಲೇ ಇಲ್ಲ. ಬ್ಲ್ಯಾಕೌಟ್ ನಿಯಮ ಮುರಿದು ಕಿಟಕಿಯಿಂದ ಬೆಳಕು ಬಿಟ್ಟವರನ್ನು ಎಲ್ಲಿಗೆ ಕರೆಸುತ್ತಿದ್ದರು ಗೊತ್ತಾ? ಊರಿನ ಮಾಮೂಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಅಲ್ಲಿ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದರು.

"ಪ್ರಾದೇಶಿಕ ಕಮಿಷನರ್‌ಗಳು ಇದ್ದರಲ್ಲ, ಅವರು ಸೇನೆಯವರಲ್ವಾ?" ಅಂತ ಇಲ್ಲಿ ಒಬ್ಬರಾದರೂ ಕೇಳುತ್ತಾರೆ. ಇದ್ದರು, ನಿಜ. ದೇಶವನ್ನು 12 ಪ್ರದೇಶಗಳಾಗಿ ಮಾಡಿ ಒಂದೊಂದಕ್ಕೂ ಒಬ್ಬ ಕಮಿಷನರ್. ಆದರೆ ಅದು ನಾಗರಿಕ ಹುದ್ದೆ. ಲಂಡನ್ ಜೊತೆ ಸಂಪರ್ಕವೇ ಕಡಿದುಹೋದರೆ ಆ ಪ್ರದೇಶದಲ್ಲಿ ಸರ್ಕಾರದ ಪೂರ್ತಿ ಅಧಿಕಾರ ಚಲಾಯಿಸಲಿ ಅಂತ ಅವರನ್ನು ಇಟ್ಟಿದ್ದು. ಅಂಥ ದಿನ ಬರಲೇ ಇಲ್ಲ. ಅಲ್ಲಿಯವರೆಗೆ ಅವರು ಊರುಗಳ ನಡುವೆ ಹೊಂದಾಣಿಕೆ ಮಾಡಿಸುತ್ತಿದ್ದರು.

ಇನ್ನು ಬಾಂಬ್ ಬಿದ್ದ ರಾತ್ರಿ. ಸಿನಿಮಾದಲ್ಲಿ ಸೈನಿಕರು ಓಡಿ ಬರುತ್ತಾರೆ. ನಿಜದಲ್ಲಿ ಮೊದಲು ಬರುತ್ತಿದ್ದದ್ದು ವಾರ್ಡನ್, ಅಂದರೆ ಅದೇ ಬೀದಿಯಲ್ಲಿ ವಾಸ ಮಾಡುವ ಅಂಗಡಿಯವರೋ ಮೇಷ್ಟರೋ ಗೃಹಿಣಿಯೋ. ಹೆಚ್ಚಿನವರು ಸಂಬಳ ಇಲ್ಲದ ಅರೆಕಾಲಿಕ ಸ್ವಯಂಸೇವಕರು. ಪೂರ್ಣಾವಧಿಯವರಿಗೆ ವಾರಕ್ಕೆ 3 ಪೌಂಡ್ ಸಂಬಳ, ಅದೇ ಕೆಲಸಕ್ಕೆ ಹೆಂಗಸರಿಗೆ 2 ಪೌಂಡ್. (ಇದನ್ನು ಪ್ರತಿ ಸಲ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.) ವಾರ್ಡನ್ ಫೋನ್ ಮಾಡುತ್ತಿದ್ದದ್ದು ಕಂಟ್ರೋಲ್ ರೂಮಿಗೆ, ಅದು ಎಷ್ಟೋ ಕಡೆ ಪುರಭವನದ ನೆಲಮಾಳಿಗೆಯಲ್ಲೇ ಇರುತ್ತಿತ್ತು. ಫೋನ್ ತಂತಿ ಕಡಿದಿದ್ದರೆ ಹದಿಹರೆಯದ ಹುಡುಗರು ಸೈಕಲ್ ಮೇಲೆ ಚೀಟಿ ಒಯ್ಯುತ್ತಿದ್ದರು. ಆಂಬ್ಯುಲೆನ್ಸ್ ಎಲ್ಲಿಗೆ, ರಕ್ಷಣಾ ತಂಡ ಎಲ್ಲಿಗೆ ಅಂತ ಅಲ್ಲಿ ಕೂತು ತೀರ್ಮಾನ ಮಾಡುವ ಕಂಟ್ರೋಲರ್ ಬಹಳ ಊರುಗಳಲ್ಲಿ ಯಾರು? ಟೌನ್ ಕ್ಲರ್ಕ್. ಪುರಸಭೆಯ ಮುಖ್ಯಾಧಿಕಾರಿ. ಹಗಲು ಕಂದಾಯದ ಬಾಕಿ, ಒಳಚರಂಡಿ ಕಡತ ನೋಡಿದ ಅದೇ ಮನುಷ್ಯ. ಸಿಡಿಯದೆ ಉಳಿದ ಬಾಂಬನ್ನು ನಿಷ್ಕ್ರಿಯ ಮಾಡಲು ಸೇನೆಯ ಎಂಜಿನಿಯರ್‌ಗಳು ಬರುತ್ತಿದ್ದರು, ದೊಡ್ಡ ದಾಳಿ ಆದಾಗ ಕಲ್ಲುಮಣ್ಣು ತೆಗೆಯಲು ಸೈನಿಕರೂ ಕೈಜೋಡಿಸುತ್ತಿದ್ದರು. ಆದರೆ ಸಹಾಯಕ್ಕೆ ಬರುವುದು ಬೇರೆ, ಊರನ್ನೇ ನಡೆಸುವುದು ಬೇರೆ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. 1940ರ ಬೇಸಿಗೆಯಲ್ಲಿ ಜರ್ಮನ್ನರು ಸಮುದ್ರ ದಾಟಿ ಬರುತ್ತಾರೆ ಅನ್ನೋ ಭಯ ಇತ್ತು. ಕರಾವಳಿಗೆ ಮುಳ್ಳುತಂತಿ ಹಾಕಿದರು, ಕಡಲತೀರದಲ್ಲಿ ನೆಲಬಾಂಬ್ ಹೂತರು, ಹೋಟೆಲ್ ಮತ್ತು ಬಂಗಲೆಗಳನ್ನು ಸೇನೆ ವಶಕ್ಕೆ ತೆಗೆದುಕೊಂಡಿತು, ದಾರಿ ತೋರಿಸುವ ಫಲಕಗಳನ್ನೂ ಕಿತ್ತರು. 1943ರ ಕೊನೆಯಲ್ಲಿ ವಿಲ್ಟ್‌ಶೈರಿನ ಇಂಬರ್, ಡಾರ್ಸೆಟ್‌ನ ಟೈನಮ್ ಎಂಬ ಹಳ್ಳಿಗಳನ್ನು ಸೇನೆಯ ತರಬೇತಿಗಾಗಿ ತೆರವು ಮಾಡಿಸಿದರು. ಆ ಜನ ಮತ್ತೆ ತಮ್ಮ ಮನೆಗೆ ಮರಳಲೇ ಇಲ್ಲ. ಅದೇ ಡಿಸೆಂಬರಿನಲ್ಲಿ ಡೆವನ್‌ನ ಸ್ಲಾಪ್ಟನ್ ಸುತ್ತಮುತ್ತ ಸುಮಾರು 3,000 ಜನ ಅಮೆರಿಕನ್ ಸೇನೆಯ ಅಭ್ಯಾಸಕ್ಕಾಗಿ ಮನೆ ಬಿಟ್ಟು ಹೋಗಬೇಕಾಯಿತು. ಇಂಥ ಫೋಟೋ ನೋಡಿದವರಿಗೆ ಊರೆಲ್ಲ ಸೇನೆಯದೇ ಆಗಿತ್ತು ಅನ್ನಿಸುವುದು ಸಹಜ.

ಆದರೆ ಈ ಉದಾಹರಣೆಗಳನ್ನೇ ಸರಿಯಾಗಿ ನೋಡಿ. ಸೇನೆ ಊರು ತೆಗೆದುಕೊಂಡಾಗ ಅದಕ್ಕೆ ಬೇಕಾಗಿದ್ದದ್ದು ಖಾಲಿ ಜಾಗ. ಜನ ಇರುವ ಊರನ್ನು ನಡೆಸುವ ಆಸೆ ಅದಕ್ಕೆ ಇರಲಿಲ್ಲ. ಯಾಕಿರಬೇಕು? ಮಗುವಿನ ಜನನ ದಾಖಲೆ, ಹಾಲಿಗೆ ನೀರು ಬೆರೆಸಿದವನ ಮೇಲಿನ ದೂರು, ತುಂಬಿ ಹರಿಯುವ ಚರಂಡಿ, ಇವನ್ನೆಲ್ಲ ನೋಡಲು ಒಬ್ಬ ಅಧಿಕಾರಿಯನ್ನು ಕೂರಿಸಿದರೆ ಯುದ್ಧಕ್ಕೆ ಒಬ್ಬ ಅಧಿಕಾರಿ ಕಡಿಮೆ. ಊರಿನ ಆಡಳಿತ ನಿಲ್ಲದೆ ನಡೆಯಬೇಕು ಅನ್ನುವುದರಲ್ಲಿ ಎಲ್ಲರಿಗಿಂತ ಜಾಸ್ತಿ ಲಾಭ ಇದ್ದದ್ದೇ ಸೇನೆಗೆ. ಇದೊಂದು ಮಾತು ಅರ್ಥವಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ.

ಈಗ ಪ್ರಶ್ನೆಯ ಮೊದಲ ಭಾಗ, ದಿನನಿತ್ಯದ ಕೆಲಸ. ಯುದ್ಧ ಬಂದ ಮೇಲೆ ಆ ಕೆಲಸ ಕಡಿಮೆ ಆಗಲಿಲ್ಲ, ರಾಶಿ ಬಿತ್ತು. 1939ರ ಸೆಪ್ಟೆಂಬರ್ 1ರಂದು ಮಕ್ಕಳ ಸ್ಥಳಾಂತರ ಶುರುವಾಯಿತು. ಮೂರೇ ದಿನಗಳಲ್ಲಿ ಸುಮಾರು 15 ಲಕ್ಷ ಜನ, ಮಕ್ಕಳು, ತಾಯಂದಿರು, ಶಿಕ್ಷಕರು, ದೊಡ್ಡ ನಗರ ಬಿಟ್ಟು ಸಣ್ಣ ಊರುಗಳಿಗೆ ಬಂದರು. ಅವರನ್ನು ಮನೆಮನೆಗೆ ಹಂಚಿದವರು ಸ್ಥಳೀಯ ಆಡಳಿತ ನೇಮಿಸಿದ ಬಿಲೆಟಿಂಗ್ ಅಧಿಕಾರಿಗಳು. ಒಂದು ಮಗುವನ್ನು ಇಟ್ಟುಕೊಂಡ ಮನೆಗೆ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್, ಒಂದಕ್ಕಿಂತ ಹೆಚ್ಚಾದರೆ ತಲೆಗೆ 8 ಶಿಲ್ಲಿಂಗ್ 6 ಪೆನ್ಸ್. (ಆಗ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್.) ಬೇಡ ಅನ್ನುವ ಮನೆಯವರ ಜೊತೆ ಜಗಳ, ಹಾಸಿಗೆ ಒದ್ದೆ ಮಾಡುವ ಮಕ್ಕಳ ಬಗ್ಗೆ ದೂರು, ಒಂದೇ ಶಾಲೆಯಲ್ಲಿ ಬೆಳಿಗ್ಗೆ ಊರಿನ ಮಕ್ಕಳು ಮಧ್ಯಾಹ್ನ ಬಂದ ಮಕ್ಕಳು ಅನ್ನುವ ಪಾಳಿ, ಇದೆಲ್ಲ ಆ ಸಣ್ಣ ಕಚೇರಿಗಳ ಮೇಜಿಗೇ ಬಂದು ಬಿತ್ತು.

ಅದರ ಬೆನ್ನಿಗೇ ರೇಷನ್. 1940ರ ಜನವರಿ 8ರಿಂದ ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು, ಆಮೇಲೆ ಮಾಂಸ, ಚಹಾ. ನಿಯಮ ಮಾಡಿದ್ದು ಲಂಡನ್ನಿನ ಆಹಾರ ಸಚಿವಾಲಯ. ಆದರೆ ಪುಸ್ತಕ ಕೊಡುವುದು, ಕಳೆದುಕೊಂಡವರಿಗೆ ಇನ್ನೊಂದು ಕೊಡುವುದು, ಅಂಗಡಿಗಳಿಗೆ ಲೈಸೆನ್ಸ್ ಕೊಡುವುದು ಊರಿನ ಆಹಾರ ಕಚೇರಿ. ಅದರ ಮೇಲೆ ಒಂದು ಆಹಾರ ನಿಯಂತ್ರಣ ಸಮಿತಿ, ಸದಸ್ಯರನ್ನು ಆರಿಸುವುದು ಸ್ಥಳೀಯ ಆಡಳಿತ. ಅದರಲ್ಲಿ ವ್ಯಾಪಾರಿಗಳು ಕಡಿಮೆ, ಕೊಳ್ಳುವವರು ಜಾಸ್ತಿ. ಯಾರು ಯಾಕೆ ಹೀಗೆ ಯೋಚಿಸಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೀದಿದೀಪ ಆರಿಸಿದ್ದರಿಂದ ರಸ್ತೆ ಅಪಘಾತ ಹೆಚ್ಚಿತು. 1938ರಲ್ಲಿ ರಸ್ತೆಯಲ್ಲಿ ಸತ್ತವರು 6,648, 1941ರಲ್ಲಿ 9,169. ಪೆಟ್ರೋಲ್ ರೇಷನ್‌ನಿಂದ ಕಾರುಗಳು ಕಡಿಮೆಯಾಗಿದ್ದರೂ ಇಷ್ಟು. ಫುಟ್‌ಪಾತ್ ಅಂಚಿಗೆ, ಮರಗಳಿಗೆ, ಕಂಬಗಳಿಗೆ ಬಿಳಿ ಬಣ್ಣ ಬಳಿಯುವುದು ಆಗ ಸ್ಥಳೀಯ ಆಡಳಿತದ ಕೆಲಸಗಾರರ ಪಾಲಿಗೆ ಬಂತು. ಹಳೆ ಪೇಪರ್, ಮೂಳೆ, ತವರದ ಡಬ್ಬ ಬೇರೆ ಬೇರೆ ಮಾಡಿ ಸಂಗ್ರಹಿಸುವುದು, ಹಂದಿಗಳಿಗೆ ಅಡುಗೆಮನೆಯ ಎಂಜಲು ಕೂಡಿಸುವುದು, ಖಾಲಿ ಜಾಗವನ್ನು ತರಕಾರಿ ಬೆಳೆಯಲು ತುಂಡುಮಾಡಿ ಕೊಡುವುದು, ಆಮೇಲೆ ಊಟದ ಮನೆ ನಡೆಸುವುದೂ ಸೇರಿತು. ಬ್ರಿಟಿಷ್ ರೆಸ್ಟೋರೆಂಟ್ ಅನ್ನುವ ಆ ಊಟದ ಮನೆಗಳಲ್ಲಿ ರೇಷನ್ ಕೂಪನ್ ಕೊಡದೆ ಸುಮಾರು ಒಂದು ಶಿಲ್ಲಿಂಗಿಗೆ ಬಿಸಿ ಊಟ ಸಿಗುತ್ತಿತ್ತು. 1943ರ ಹೊತ್ತಿಗೆ ದೇಶದಲ್ಲಿ ಅಂಥವು 2,000ಕ್ಕೂ ಹೆಚ್ಚಿದ್ದವು. ಇಷ್ಟೆಲ್ಲ ಮಾಡಿದ್ದು ಗಂಡಸರು ಸೈನ್ಯಕ್ಕೆ ಹೋಗಿ ಅರ್ಧ ಖಾಲಿಯಾಗಿದ್ದ ಕಚೇರಿಗಳು, ನಿವೃತ್ತರನ್ನು ಮತ್ತೆ ಕರೆದು, ಹೆಂಗಸರನ್ನು ಹೊಸದಾಗಿ ಸೇರಿಸಿಕೊಂಡು. ಮನೆ ಕಟ್ಟುವಂಥ ದೊಡ್ಡ ಕೆಲಸಗಳು ಮಾತ್ರ ಹೆಚ್ಚುಕಡಿಮೆ ನಿಂತೇ ಹೋದವು.

ಊರುಗಳು ಕಳೆದುಕೊಂಡದ್ದು ಏನೂ ಇಲ್ಲವೇ? ಇದೆ. ಒಂದು, ಅಗ್ನಿಶಾಮಕ ದಳ. 1,600ಕ್ಕೂ ಹೆಚ್ಚು ಸ್ಥಳೀಯ ದಳಗಳಿದ್ದವು, ಪಕ್ಕದೂರಿನ ಪೈಪು ಈ ಊರಿನ ನಲ್ಲಿಗೆ ಕೂಡುತ್ತಿರಲಿಲ್ಲ. ಹಾಗಾಗಿ 1941ರ ಆಗಸ್ಟಿನಲ್ಲಿ ಎಲ್ಲವನ್ನೂ ಒಂದೇ ರಾಷ್ಟ್ರೀಯ ದಳ ಮಾಡಿದರು. ಅದು ಹೋದದ್ದೂ ಗೃಹ ಇಲಾಖೆಯ ಕೆಳಗೆ, ಸೇನೆಗಲ್ಲ. 1948ರಲ್ಲಿ ವಾಪಸ್ ಕೊಟ್ಟಾಗ ಕೌಂಟಿಗಳಿಗೂ ದೊಡ್ಡ ನಗರಗಳಿಗೂ ಕೊಟ್ಟರು, ಸಣ್ಣ ಊರುಗಳಿಗೆ ಕೊಡಲಿಲ್ಲ. ಇನ್ನೊಂದು, ಚುನಾವಣೆ. 1939ರ ಕಾಯ್ದೆಯಿಂದ ಸ್ಥಳೀಯ ಚುನಾವಣೆಗಳು ನಿಂತವು, ಖಾಲಿಯಾದ ಜಾಗಕ್ಕೆ ಕೌನ್ಸಿಲರುಗಳೇ ಕೂಡಿ ಒಬ್ಬರನ್ನು ಆರಿಸಿಕೊಳ್ಳುತ್ತಿದ್ದರು. 1936ರಲ್ಲಿ ಮೂರು ವರ್ಷಕ್ಕೆಂದು ಗೆದ್ದವರು ಮತದಾರರ ಮುಂದೆ ಮತ್ತೆ ನಿಲ್ಲದೆ 1945ರ ನವೆಂಬರ್ ತನಕ ಕೂರುವಂತಾಯಿತು. ಟೀಕೆ ಮಾಡಬೇಕು ಅಂತಿದ್ದರೆ ಇದನ್ನು ಮಾಡಿ, ಇದರಲ್ಲಿ ಹುರುಳಿದೆ.

ಯಾರೂ ಕೇಳದ ಒಂದು ಪ್ರಶ್ನೆ ಉಳಿಯುತ್ತದೆ. ಊರಿಗೆ ಬಂದದ್ದು ಶತ್ರು ಸೇನೆಯೇ ಆದರೆ?

ಇದಕ್ಕೂ ಉತ್ತರ ಅಲ್ಲೇ ಇದೆ, ಚಾನೆಲ್ ದ್ವೀಪಗಳಲ್ಲಿ. ಇವು ಫ್ರಾನ್ಸಿನ ಪಕ್ಕದಲ್ಲಿ ಬ್ರಿಟಿಷ್ ರಾಜಸತ್ತೆಗೆ ಸೇರಿದ, ತಮ್ಮದೇ ಕೋರ್ಟು ಕಾನೂನು ಇರುವ ಸಣ್ಣ ದ್ವೀಪಗಳು. 1940ರ ಜೂನ್ ಕೊನೆಯಿಂದ 1945ರ ಮೇ ತನಕ ಜರ್ಮನ್ನರ ಕೈಯಲ್ಲಿದ್ದವು. ಅಲ್ಲಿ ಕೂಡ ದಿನನಿತ್ಯದ ಆಡಳಿತ ನಡೆಸಿದವರು ಸ್ಥಳೀಯರೇ. ಗರ್ನ್‌ಸಿಯಲ್ಲಿ ಒಂದು ನಿಯಂತ್ರಣ ಸಮಿತಿ, ಜರ್ಸಿಯಲ್ಲಿ ಅಲೆಕ್ಸಾಂಡರ್ ಕೂಟಾನ್ಷ್ ಮುಂದಾಳತ್ವದ ಒಂದು ಮಂಡಳಿ. ಹಾಲು, ಬ್ರೆಡ್ಡು, ಆಸ್ಪತ್ರೆ, ತೆರಿಗೆ ಎಲ್ಲ ಅವರೇ. ಆಹಾರ, ಸಾಮಾನು ಕೊಳ್ಳಲು ಫ್ರಾನ್ಸಿನ ಗ್ರಾನ್ವಿಲ್‌ಗೆ ತಮ್ಮವರನ್ನು ಕಳಿಸಿದ್ದರು. ಪೂರ್ತಿ ಸೇನೆಯ ಕೈಗೆ ಹೋದ ಜಾಗ ಬೇಕೇ? ಆಲ್ಡರ್ನಿ ನೋಡಿ. ಅಲ್ಲಿನ ಜನ ಹೆಚ್ಚುಕಡಿಮೆ ಎಲ್ಲರೂ ಮೊದಲೇ ಊರು ಬಿಟ್ಟಿದ್ದರು. ಕೇಳುವ ಸ್ಥಳೀಯ ಆಡಳಿತವೇ ಇಲ್ಲದ ಆ ದ್ವೀಪದಲ್ಲಿ ಜರ್ಮನ್ನರು ಕಟ್ಟಿದ್ದು ಗುಲಾಮಿ ದುಡಿಮೆಯ ಶಿಬಿರಗಳನ್ನು.

ಹಾಗಂತ ಸ್ಥಳೀಯ ಕಚೇರಿ ನಡೆಯುತ್ತಿದ್ದರೆ ಎಲ್ಲ ಒಳ್ಳೆಯದೇ ಅಂತ ಅಂದುಕೊಳ್ಳಬೇಡಿ. ಹಾಲು ಹಂಚಲು ಬಳಸಿದ ಅದೇ ಕಚೇರಿ, ಅದೇ ರಿಜಿಸ್ಟರು, ಯಹೂದಿಗಳ ಪಟ್ಟಿ ಮಾಡಲೂ ಬಳಕೆಯಾಯಿತು. 1940ರ ಅಕ್ಟೋಬರಿನಲ್ಲಿ ಯಹೂದಿಗಳ ವಿರುದ್ಧದ ಮೊದಲ ಆದೇಶವನ್ನು ಗರ್ನ್‌ಸಿಯ ರಾಯಲ್ ಕೋರ್ಟಿನ ಮುಂದೆ ಇಟ್ಟಾಗ, ಸರ್ ಅಬ್ರಹಾಂ ಲೇನೆ ಎಂಬ ಒಬ್ಬ ಸದಸ್ಯರು ಒಪ್ಪಿಗೆ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ಉಳಿದವರು ತಡೆಯಲಿಲ್ಲ, ಆದೇಶ ದಾಖಲಾಯಿತು. 1942ರ ಏಪ್ರಿಲ್‌ನಲ್ಲಿ ಮೂವರು ಯಹೂದಿ ಮಹಿಳೆಯರನ್ನು ಗರ್ನ್‌ಸಿಯಿಂದ ಫ್ರಾನ್ಸಿಗೆ ಸಾಗಿಸಿದರು, ಅಲ್ಲಿಂದ ನಾಜಿಗಳ ಹತ್ಯಾ ಶಿಬಿರವಾದ ಆಶ್ವಿಟ್ಸ್‌ಗೆ. ಮೂವರೂ ಅಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ ಗರ್ನ್‌ಸಿ, ಜರ್ಸಿ ಎರಡರ ಮುಖ್ಯಸ್ಥರಿಗೂ ನೈಟ್ ಪದವಿ ಸಿಕ್ಕಿತು. ಆಡಳಿತ ನಡೆಸಿಕೊಂಡು ಹೋಗಿ ಸಾವಿರಾರು ಜನರ ಹೊಟ್ಟೆ ಕಾಪಾಡಿದ್ದಕ್ಕೆ ಆ ಗೌರವ. ಅಂಥ ಆದೇಶಗಳನ್ನು ದಾಖಲು ಮಾಡಿದ್ದರ ಬಗ್ಗೆ ದ್ವೀಪದವರ ನಡುವೆ ವಾದ ಇವತ್ತಿಗೂ ನಿಂತಿಲ್ಲ, ಮತ್ತು ನಿಲ್ಲಬಾರದು ಅಂತಲೇ ನನ್ನ ಅಭಿಪ್ರಾಯ.