ಮನೆ ಬಿಟ್ಟು ಹೋಗದ ಬೆಕ್ಕಿಗೆ ಮತ್ತೆ ಮತ್ತೆ ನೆಗಡಿ ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಹೆಣ್ಣು ಬೆಕ್ಕಿದೆ. ಬೀದಿಯಲ್ಲಿ ಸಿಕ್ಕ ಮರಿ. ಸಿಕ್ಕಾಗಲೇ ಕಣ್ಣು ಅಂಟಿಕೊಂಡಿತ್ತು. ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಸೀನು, ಮೂಗು ಸೋರುವುದು. ಎಡಗಣ್ಣಲ್ಲಂತೂ ಯಾವಾಗಲೂ ನೀರು. ಆಂಟಿಬಯಾಟಿಕ್ ಕೊಟ್ಟರೆ ವಾರದಲ್ಲಿ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಲಸಿಕೆಯನ್ನೂ ಹಾಕಿಸಿದ್ದೇವೆ. ಹೊರಗೇ ಹೋಗದ ಬೆಕ್ಕಿಗೆ ಸೋಂಕು ಎಲ್ಲಿಂದ ತಗಲುತ್ತಿದೆ?

ಉತ್ತರ: ಹೊರಗಿಂದ ತಗಲುತ್ತಿರುವ ಹಾಗೆ ಕಾಣುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ, ಕಣ್ಣು ಅಂಟಿಕೊಂಡಿದ್ದ ಆ ಮರಿಯ ಜೊತೆಗೇ ಸೋಂಕೂ ನಿಮ್ಮ ಮನೆ ಸೇರಿರಬೇಕು. ಮೂರು ವರ್ಷದಿಂದ ಬಂದು ಹೋಗುತ್ತಿರುವುದು ಬಹುಶಃ ಅದೇ ಹಳೆಯ ಸೋಂಕು.

ಬೆಕ್ಕುಗಳ ನೆಗಡಿಗೆ ಹೆಚ್ಚಾಗಿ ಕಾರಣ ಎರಡು ವೈರಸ್‌ಗಳು, ಹರ್ಪಿಸ್ ಮತ್ತು ಕ್ಯಾಲಿಸಿ. ಸೀನು ಮತ್ತು ಕಣ್ಣಿನ ತೊಂದರೆ ಜಾಸ್ತಿ ಇದ್ದರೆ ಹರ್ಪಿಸ್ ಮೇಲೆ ಅನುಮಾನ ಬರುತ್ತದೆ. ನಾಲಿಗೆಯಲ್ಲಿ ಹುಣ್ಣು, ಜೊಲ್ಲು, ಒಸಡು ಕೆಂಪಾಗುವುದು ಕಂಡರೆ ಕ್ಯಾಲಿಸಿ ಇರಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು. ಬೆಕ್ಕಿನ ಹರ್ಪಿಸ್ ಆಗಲಿ, ಕ್ಯಾಲಿಸಿ ಆಗಲಿ ಮನುಷ್ಯರಿಗೆ ಬರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೂ ಗಾಬರಿ ಬೇಡ.

ಹರ್ಪಿಸ್ ಒಮ್ಮೆ ಹೊಕ್ಕರೆ ಮೈ ಬಿಟ್ಟು ಹೋಗುವುದಿಲ್ಲ. ನೆಗಡಿ ವಾಸಿಯಾದ ಮೇಲೂ ಮುಖದ ನರಗಳ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ಬೆಕ್ಕಿಗೆ ಏನಾದರೂ ಒತ್ತಡವಾದಾಗ ಏಳುತ್ತದೆ. ಆದರೆ ಅದೇ ದಿನ ಏಳುವುದಿಲ್ಲ. ಒತ್ತಡವಾದ ಸುಮಾರು ಒಂದು ವಾರಕ್ಕೆ ವೈರಸ್ ಮತ್ತೆ ಮೂಗು, ಕಣ್ಣು, ಬಾಯಿಂದ ಹೊರಬೀಳಲು ಶುರುವಾಗುತ್ತದೆ. ಒಂದೆರಡು ವಾರ ಹಾಗೇ ನಡೆಯುತ್ತದೆ.

ಈ ಒಂದು ವಾರದ ಅಂತರದಿಂದಲೇ ಲೆಕ್ಕ ತಪ್ಪುವುದು. ದೀಪಾವಳಿಯ ಮೂರು ದಿನ ಬೆಕ್ಕು ಮಂಚದ ಕೆಳಗಿಂದ ಈಚೆಗೇ ಬಂದಿರುವುದಿಲ್ಲ. ಹಬ್ಬ ಮುಗಿಯುತ್ತದೆ, ನಾವು ಮರೆಯುತ್ತೇವೆ. ವಾರ ಕಳೆದು ಸೀನು ಶುರುವಾದಾಗ ‘ಚಳಿ ಬಂತಲ್ಲ, ಅದಕ್ಕೇ’ ಅಂದುಕೊಳ್ಳುತ್ತೇವೆ. ಮನೆಗೆ ಪೇಂಟ್ ಮಾಡಿಸಿದ್ದು, ಮನೆ ಬದಲಾಯಿಸಿದ್ದು, ಊರಿಗೆ ಹೋಗುವಾಗ ಬೆಕ್ಕನ್ನು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದು, ನೆಂಟರು ಬಂದು ವಾರ ಇದ್ದಿದ್ದು, ಹೊಸ ಮರಿ ತಂದಿದ್ದು, ಯಾವುದೂ ಕಾರಣವಾಗಬಹುದು. ಕಿಟಕಿಯ ಆಚೆ ದಿನಾ ಬಂದು ಗುರುಗುಡುವ ಬೀದಿಯ ಗಂಡು ಬೆಕ್ಕೂ ಸಾಕು. ನಮಗೆ ಅದು ಒತ್ತಡ ಅಂತಲೇ ಅನ್ನಿಸಿರುವುದಿಲ್ಲ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಸೀನು ಶುರುವಾದ ದಿನಕ್ಕೆ ಗುರುತು ಹಾಕಿ. ಅಲ್ಲಿಂದ ಏಳರಿಂದ ಹತ್ತು ದಿನ ಹಿಂದಕ್ಕೆ ಬೆರಳಿಟ್ಟು, ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ನೆನಪು ಮಾಡಿಕೊಂಡು ಬರೆಯಿರಿ. ಮೂರು ನಾಲ್ಕು ಸಲ ಬರೆದರೆ ನಿಮ್ಮ ಬೆಕ್ಕಿಗೆ ಯಾವುದು ಆಗಿಬರುವುದಿಲ್ಲ ಅನ್ನುವುದು ಕಾಣಿಸತೊಡಗುತ್ತದೆ. ವೈದ್ಯರ ಬಳಿ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ.

ಇನ್ನು ಆಂಟಿಬಯಾಟಿಕ್ ವಿಷಯ. ವಾರದಲ್ಲಿ ಕಡಿಮೆಯಾಯಿತು ಅಂತೀರಿ. ಕೊಡದೇ ಇದ್ದಿದ್ದರೂ ಹೆಚ್ಚು ಕಡಿಮೆ ಅಷ್ಟೇ ದಿನದಲ್ಲಿ ಆಗುತ್ತಿತ್ತೇನೋ. ವೈರಸ್ ಮೇಲೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಅದರ ಕೆಲಸ ಬ್ಯಾಕ್ಟೀರಿಯಾ ಸೇರಿಕೊಂಡಾಗ ಮಾತ್ರ. ಮೂಗಿಂದ ನೀರಿನಂತೆ ಸೋರುತ್ತಿದ್ದು, ಬೆಕ್ಕು ತಿಂದುಕೊಂಡು ಓಡಾಡಿಕೊಂಡು ಇದ್ದರೆ, ಮೊದಲ ಹತ್ತು ದಿನ ಆಂಟಿಬಯಾಟಿಕ್ ಇಲ್ಲದೆ ಕಾಯಬಹುದು ಅನ್ನುವುದೇ ಈಗಿನ ಪಶುವೈದ್ಯಕೀಯ ಮಾರ್ಗಸೂಚಿ. ಹಳದಿ ಹಸಿರು ಸಿಂಬಳದ ಜೊತೆಗೆ ಜ್ವರ, ಮಂಕು, ಊಟ ಬಿಡುವುದು ಸೇರಿದರೆ ಮಾತು ಬೇರೆ. ಆಗ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಈ ಮಾತ್ರೆಯನ್ನು ಬೆಕ್ಕಿಗೆ ಒಣಗಿದ್ದೇ ನುಂಗಿಸಬೇಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟ ಹಾಗೆ ಗಾಯ ಮಾಡುತ್ತದೆ, ಆಮೇಲೆ ನಾಳವೇ ಕಿರಿದಾಗಬಹುದು. ಮಾತ್ರೆ ಹೋದ ತಕ್ಷಣ ಸೂಜಿ ತೆಗೆದ ಸಿರಿಂಜ್‌ನಲ್ಲಿ ಐದಾರು ಎಂಎಲ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ. ಇಲ್ಲವೇ ಮಾತ್ರೆಯ ಹಿಂದೆಯೇ ಒಂದು ತುತ್ತು ಊಟ ಹಾಕಿ.

ಹರ್ಪಿಸ್‌ಗೇ ಕೊಡುವ ಔಷಧವೂ ಇದೆ, ಫ್ಯಾಮ್‌ಸೈಕ್ಲೋವಿರ್. ಮನುಷ್ಯರ ಔಷಧವೇ, ಬೆಕ್ಕಿನಲ್ಲೂ ಕೆಲಸ ಮಾಡುತ್ತದೆ. ತೀವ್ರವಾಗಿ ಬಂದಾಗ, ಅದರಲ್ಲೂ ಕಣ್ಣಿಗೆ ಬಂದಾಗ ಕೊಡುತ್ತಾರೆ. ಎಷ್ಟು ಕೊಡಬೇಕು ಅನ್ನುವುದನ್ನು ವೈದ್ಯರೇ ಹೇಳಬೇಕು. ಹೆಸರು ಹತ್ತಿರ ಹತ್ತಿರ ಇದೆ ಅಂತ ಅಸೈಕ್ಲೋವಿರ್ ಮಾತ್ರೆ ಕೊಟ್ಟುಬಿಟ್ಟೀರಿ, ಅದು ಬೆಕ್ಕಿಗೆ ವಿಷ. ಹರ್ಪಿಸ್‌ಗೆ ಒಳ್ಳೆಯದು ಅಂತ ಊಟದಲ್ಲಿ ಬೆರೆಸಿ ಕೊಡುವ ಲೈಸಿನ್ ಪುಡಿ ಬಗ್ಗೆಯೂ ಬಹಳ ಜನ ಕೇಳುತ್ತಾರೆ. 2015ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು, ಇದರಿಂದ ಉಪಯೋಗ ಇಲ್ಲ, ನಿಲ್ಲಿಸಿ ಎಂದೇ ಬರೆದರು. ನಾನಾದರೆ ಆ ದುಡ್ಡಿಗೆ ಮೀನು ತರುತ್ತೇನೆ.

ಮೀನು ಅಂದಿದ್ದು ತಮಾಷೆಗಲ್ಲ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಗೊತ್ತಾಗದಿದ್ದರೆ ಅದು ತಿನ್ನುವುದಿಲ್ಲ. ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಾದರೆ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರಬಹುದು. ಒಂದು ಚೂರು ಬಂಗುಡೆಯನ್ನೋ ಭೂತಾಯಿಯನ್ನೋ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೆಚ್ಚಗಿರುವಾಗಲೇ ಮುಂದಿಡಿ. ಊಟಕ್ಕೆ ಮೊದಲು ಬೆಕ್ಕನ್ನು ಬಚ್ಚಲಮನೆಗೆ ಕರೆದುಕೊಂಡು ಹೋಗಿ, ಬಿಸಿನೀರು ಬಿಟ್ಟು, ಬಾಗಿಲು ಹಾಕಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ. ಬರೀ ಹಬೆ ಸಾಕು. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಯಾವುದನ್ನೂ ಹಾಕಬೇಡಿ, ಅವು ಬೆಕ್ಕಿಗೆ ಆಗುವುದಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗು ಒರೆಸಿ. ಒಂದು ಪೂರ್ತಿ ದಿನ ಏನೂ ಮುಟ್ಟದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಆ ಕ್ಷಣವೇ.

ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ಡೋಲೋ, ಕ್ರೋಸಿನ್ ಎಲ್ಲ ಅದೇ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಲಸಿಕೆ ಹಾಕಿಸಿದ್ದು ದಂಡ ಆಗಿಲ್ಲ. ಈ ಎರಡು ವೈರಸ್‌ಗಳ ಲಸಿಕೆ ಕಾಯಿಲೆಯ ಜೋರನ್ನು ಇಳಿಸುತ್ತದೆ. ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಒಳಗೆ ಸೇರಿಕೊಂಡಿದ್ದನ್ನು ಓಡಿಸುವುದೂ ಇಲ್ಲ. ಮುಂದೆಯೂ ಹಾಕಿಸುತ್ತಿರಿ.

ಎರಡನೇ ಬೆಕ್ಕು ತರುವ ಯೋಚನೆ ಇದ್ದರೆ ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ತಟ್ಟೆ, ನೀರಿನ ಬಟ್ಟಲು, ಲಿಟರ್ ಟ್ರೇ ಎಲ್ಲ ಬೇರೆ ಬೇರೆ ಇರಲಿ. ಹರ್ಪಿಸ್ ಹೊರಗೆ ಒಂದು ದಿನವೂ ಬದುಕುವುದಿಲ್ಲ, ಆದರೆ ಕ್ಯಾಲಿಸಿ ವಾರಗಟ್ಟಲೆ ನೆಲದ ಮೇಲೆ ಇರಬಲ್ಲದು. ಸೋಪಿನ ನೀರಲ್ಲಿ ಒರೆಸಿದ ಮೇಲೆ, ಲೀಟರ್ ನೀರಿಗೆ ಸುಮಾರು 30 ಎಂಎಲ್ ಬ್ಲೀಚ್ ಬೆರೆಸಿ ಒರೆಸಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು, ಒಣಗಿದ ಮೇಲೆ ಬೆಕ್ಕನ್ನು ಬಿಡಿ. ಫಿನಾಯಿಲ್ ಬೇಡ, ಅದು ಪಾದಕ್ಕಂಟಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಮನೆಯೊಳಗೆ ಊದುಬತ್ತಿ ಮತ್ತು ಸೊಳ್ಳೆ ಬತ್ತಿಯ ಹೊಗೆಯನ್ನೂ ಕಡಿಮೆ ಮಾಡಿ. ಊರಿಗೆ ಹೋಗುವಾಗ, ಆಗುವುದಾದರೆ, ಬೆಕ್ಕನ್ನು ಬೋರ್ಡಿಂಗ್‌ಗೆ ಹಾಕದೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗಿ. ಹಬ್ಬ, ಗಲಾಟೆಯ ದಿನಗಳಲ್ಲಿ ಒಳಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ ಇಡಿ. ಅಡಗಿಕೊಳ್ಳಲು ಜಾಗ ಸಿಕ್ಕಿದರೆ ಅರ್ಧ ಭಯ ಹೋಗುತ್ತದೆ.

ಕಡೆಗೆ ಆ ಎಡಗಣ್ಣು. ಮರಿಯಿದ್ದಾಗ ಕಣ್ಣು ಕೀವು ತುಂಬಿ ಅಂಟಿಕೊಂಡಿದ್ದರೆ, ಕಣ್ಣಿಂದ ಮೂಗಿಗೆ ನೀರು ಹರಿಯುವ ಸಣ್ಣ ನಾಳ ಕಲೆಗಟ್ಟಿ ಮುಚ್ಚಿಹೋಗುವುದುಂಟು. ಆಗ ನೆಗಡಿ ಇಲ್ಲದಾಗಲೂ ಆ ಕಣ್ಣು ಸೋರುತ್ತದೆ. ದಿನಾ ಒದ್ದೆ ಹತ್ತಿಯಲ್ಲಿ ಒರೆಸಿಕೊಂಡಿದ್ದರೆ ಸಾಕು. ಆದರೆ ಕಣ್ಣು ಕಿರಿದು ಮಾಡಿದರೆ, ಬೆಳಕಿಗೆ ಮುಚ್ಚಿಕೊಂಡರೆ, ಗುಡ್ಡೆ ಮಂಜಾದರೆ, ಅಂದೇ ತೋರಿಸಿ. ಕಾರ್ನಿಯಾದಲ್ಲಿ ಹುಣ್ಣಾಗಿದೆಯೇ ಅಂತ ಹಸಿರು ಬಣ್ಣದ ದ್ರವ ಬಿಟ್ಟು ನೋಡುತ್ತಾರೆ. ಮನೆಯಲ್ಲಿ ಉಳಿದಿರುವ ಯಾವುದೋ ಐ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹರ್ಪಿಸ್ ಹುಣ್ಣು ಇನ್ನೂ ಆಳಕ್ಕೆ ಹೋಗುತ್ತದೆ. ಮೂಗಿನ ಒಂದೇ ಹೊಳ್ಳೆಯಿಂದ ಕೀವೋ ರಕ್ತವೋ ಬರುತ್ತಿದ್ದರೆ ಅದು ಈ ನೆಗಡಿ ಅಲ್ಲದೆಯೂ ಇರಬಹುದು. ಒಳಗೆ ಸಿಕ್ಕಿದ ಹುಲ್ಲಿನ ಎಸಳು, ಕೊಳೆತ ಹಲ್ಲಿನ ಬೇರು, ಗೆಡ್ಡೆ, ಏನಾದರೂ ಆಗಿರಬಹುದು. ಅರಿವಳಿಕೆ ಕೊಟ್ಟು ಮೂಗು, ಬಾಯಿಯೊಳಗೆ ನೋಡಬೇಕು ಅಂತ ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ.