ಸೆಟ್‌ಟಾಪ್ ಬಾಕ್ಸ್‌ನಿಂದ ಡಿಸ್ಕ್‌ಗೆ: ಫೈಲ್ ಬರುವುದಿಲ್ಲ, ಚಿತ್ರ ಬರುತ್ತದೆ

ಟಿವಿ ಕಾರ್ಯಕ್ರಮವನ್ನು ಡಿವಿಡಿಗೆ ಇಳಿಸಲೆಂದು, ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದಾಗ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬಂದರೆ ದಯವಿಟ್ಟು ಬೇಡ ಅನ್ನಿ. ಡ್ರೈವ್ ಕೆಟ್ಟಿಲ್ಲ. ಎಷ್ಟೋ ಬಾಕ್ಸ್‌ಗಳು ಅದನ್ನು ಲಿನಕ್ಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡಿರುತ್ತವೆ, ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ, ಅಷ್ಟೆ.

ಅದನ್ನು ಓದುವ ಸಾಫ್ಟ್‌ವೇರ್ ಹಾಕಿಕೊಂಡರೂ ಕೆಲಸ ಮುಗಿಯದು. ಪೇ ಚಾನೆಲ್‌ಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತ ಸಂಕೇತದ ಬೀಗ ಬಿದ್ದಿರುತ್ತದೆ. ಬಿಡಿಸುವ ಕೀಲಿ ಆ ಬಾಕ್ಸ್‌ನೊಳಗೇ ಇರುತ್ತದೆ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಬಾಕ್ಸ್‌ಗೆ ಹಾಕಿದರೂ ಸಾಧಾರಣವಾಗಿ ಓಡುವುದಿಲ್ಲ. ಹಾಗಾಗಿ ಬಾಕ್ಸ್ ಕೈಕೊಟ್ಟರೆ ಡ್ರೈವ್ ಸುಸ್ಥಿತಿಯಲ್ಲಿದ್ದೂ ಪ್ರಯೋಜನವಿಲ್ಲ. ನಕಲು ಮಾಡುವುದಿದ್ದರೆ ಬಾಕ್ಸ್ ಬದಲಿಸುವ ಮೊದಲೇ ಮಾಡಬೇಕು. ಉಚಿತ ಚಾನೆಲ್ ಹಿಡಿಯುವ ಕೆಲವು ಬಾಕ್ಸ್‌ಗಳು ಮಾತ್ರ ಬೀಗವಿಲ್ಲದ ಟಿಎಸ್ ಎಂಬ ಬಗೆಯ ವಿಡಿಯೊ ಫೈಲ್ ಕೊಡುತ್ತವೆ. ನಿಮ್ಮದು ಅಂಥದ್ದಾದರೆ ಮುಂದಿನ ತಾಪತ್ರಯವೇ ಇಲ್ಲ.

ಉಳಿದವರಿಗೆ ದಾರಿ ಒಂದೇ: ಬಾಕ್ಸ್‌ನಲ್ಲಿ ಕಾರ್ಯಕ್ರಮ ಓಡಿಸಿ, ಹೊರಬರುವ ಚಿತ್ರವನ್ನು ಡಿವಿಡಿ ರೆಕಾರ್ಡರ್‌ನಲ್ಲೋ ಕಂಪ್ಯೂಟರಿನ ಯುಎಸ್‌ಬಿ ಕ್ಯಾಪ್ಚರ್ ಸಾಧನದಲ್ಲೋ ಮತ್ತೆ ಹಿಡಿಯುವುದು. ಎರಡು ಗಂಟೆಯ ಕಾರ್ಯಕ್ರಮಕ್ಕೆ ಎರಡು ಗಂಟೆಯೇ ಬೇಕು. ಎಚ್‌ಡಿಎಂಐ ತಂತಿಯಲ್ಲಿ ಎಚ್‌ಡಿಸಿಪಿ ಎಂಬ, ನಕಲು ತಡೆಯುವ ರಕ್ಷಣೆ ಇರುವುದರಿಂದ ಆ ದಾರಿಯಲ್ಲಿ ಬರೀ ಕಪ್ಪು ಪರದೆ ಸಿಗುವುದೇ ಹೆಚ್ಚು. ಹಳೆಯ ಮೂರು ಬಣ್ಣದ ತಂತಿಯೇ ಗತಿ: ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಧ್ವನಿಗೆ. ಬಾಕ್ಸ್‌ನ ‘ಔಟ್’ನಿಂದ ರೆಕಾರ್ಡರ್‌ನ ‘ಇನ್’ಗೆ ಹೋಗಬೇಕು. ನಗಬೇಡಿ, ‘ಏನೂ ಬರುತ್ತಿಲ್ಲ’ ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಈ ದಾರಿಯಲ್ಲಿ ಎಚ್‌ಡಿ ಉಳಿಯುವುದಿಲ್ಲ. 1920×1080ರ ಚಿತ್ರ ಡಿವಿಡಿಗೆ ಇಳಿಯುವಾಗ ಪಾಲ್ ಪದ್ಧತಿಯಲ್ಲಿ (ಭಾರತದ ಹಳೆಯ ಟಿವಿ ಚಿತ್ರದ ಮಾದರಿ) 720×576 ಆಗುತ್ತದೆ. ಅದರ ಮೇಲೆ ‘ಒಂದೇ ಡಿಸ್ಕ್‌ನಲ್ಲಿ ಆರು ಗಂಟೆ’ ಎಂಬ ಆಸೆಗೆ ಬಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. 4.7 ಜಿಬಿ ಡಿಸ್ಕ್‌ಗೆ ಎಸ್‌ಪಿ ಎಂಬ ಸಾಧಾರಣ ಗುಣಮಟ್ಟದ ಮೋಡ್‌ನ ಎರಡು ಗಂಟೆ ಸರಿಯಾದ ಅಳತೆ. ನೃತ್ಯ, ಆಟೋಟಗಳಿಗೆ ಎಕ್ಸ್‌ಪಿ ಎಂಬ ಹೆಚ್ಚಿನ ಗುಣಮಟ್ಟದ ಮೋಡ್‌ನ ಒಂದೇ ಗಂಟೆ ಇನ್ನೂ ಮೇಲು.

ಶುರು ಮಾಡುವ ಮುಂಚೆ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಚಿತ್ರವನ್ನು 16:9ಕ್ಕೆ (ಅಗಲ ಪರದೆಗೆ) ಇಡಿ. ರಿಮೈಂಡರ್‌ಗಳನ್ನೂ ತಾನಾಗಿ ಸ್ಟ್ಯಾಂಡ್‌ಬೈಗೆ ಹೋಗುವ ವ್ಯವಸ್ಥೆಯನ್ನೂ ಆಫ್ ಮಾಡಿ. ಪರದೆಯ ಮೇಲೆ ಏನು ಮೂಡಿದರೂ ಡಿಸ್ಕ್‌ಗೆ ಇಳಿಯುತ್ತದೆ, ವಾಲ್ಯೂಮ್ ಗೆರೆಯೂ ಸೇರಿ.

ಕೆಲವು ಕಾರ್ಯಕ್ರಮಗಳಲ್ಲಿ ಹಳದಿ ತಂತಿಯಲ್ಲೂ ನಕಲು ತಡೆಯುವ ಸಂಕೇತ ಬರುತ್ತದೆ, ರೆಕಾರ್ಡರ್ ನಡುವೆಯೇ ನಿಂತುಬಿಡುತ್ತದೆ. ಅದನ್ನು ಮುರಿಯುವ ಉಪಾಯ ನನ್ನನ್ನು ಕೇಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಮನೆಯ ರೆಕಾರ್ಡಿಂಗನ್ನು ಒಪ್ಪಿದ್ದು ಆಮೇಲೆ ಬಿಡುವಾದಾಗ ನೋಡಲೆಂದು. ಬೀಗ ಒಡೆಯುವುದಕ್ಕೂ ಪ್ರತಿ ಹಂಚುವುದಕ್ಕೂ ಆ ತೀರ್ಪಿನ ನೆರಳು ಸಿಗದು. ಆಯಾ ದೇಶದ ಕಾನೂನೂ ಬೇರೆಬೇರೆ.

ರೆಕಾರ್ಡಿಂಗ್ ಮುಗಿದ ಮೇಲೆ ‘ಫೈನಲೈಸ್’ ಮಾಡಲೇಬೇಕು (ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕನ್ನು ಮುಗಿಸುವ ಕೊನೆಯ ಹಂತ), ಇಲ್ಲದಿದ್ದರೆ ಆ ಡಿಸ್ಕ್ ಬೇರೆ ಪ್ಲೇಯರ್‌ಗಳಲ್ಲಿ ಓಡುವುದು ಅನುಮಾನ. ಬಾಕ್ಸ್‌ನಲ್ಲಿರುವ ಮೂಲವನ್ನು ಆಗಲೇ ಅಳಿಸಬೇಡಿ. ಡಿಸ್ಕನ್ನು ಇನ್ನೊಂದು ಪ್ಲೇಯರ್‌ಗೆ ಹಾಕಿ, ಮೊದಲ ಭಾಗ ಬಿಟ್ಟು ಕೊನೆಯ ಹತ್ತು ನಿಮಿಷ ನೋಡಿ. ಡಿವಿಡಿ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ. ತುಂಬಿದ ಡಿಸ್ಕ್ ತೊಡರುವುದಿದ್ದರೆ ಸಾಮಾನ್ಯವಾಗಿ ಆ ಹೊರ ಅಂಚಿನಲ್ಲೇ.